ಬೇಲೂರಿನ ಮೀನು, ರಿವಾಲ್ವರ್ ಮೇಲಿನ ಕೆಂಪು ಚುಕ್ಕೆ

ಪಬ್‌ಜಿ ಆಡಿದವರಿಗೆ ನೆನಪಿರುತ್ತೆ. ಮಿರಾಮಾರ್ ಮ್ಯಾಪಿನಲ್ಲಿ ಆರ್45 ಅಂತ ಒಂದು ರಿವಾಲ್ವರ್ ಸಿಗ್ತಿತ್ತು. ಯಾವುದೋ ಪಾಳು ಮನೆಯೊಳಗೆ ಬಿದ್ದಿದ್ದ ರೆಡ್ ಡಾಟ್ ಸೈಟನ್ನು ಎತ್ತಿಕೊಂಡು ಅದರ ಮೇಲೆ ಕೂರಿಸಬಹುದಿತ್ತು. ಬೆರಳಲ್ಲಿ ಎಳೆದು ಬಿಟ್ಟರೆ ಅರ್ಧ ಸೆಕೆಂಡಿನ ಕೆಲಸ. ಸ್ಕ್ರೂ ಬೇಡ, ಡ್ರಿಲ್ ಬೇಡ, ಲೈಸೆನ್ಸ್ ಮೊದಲೇ ಬೇಡ. ಸೆಪ್ಟೆಂಬರ್ 2020ರಲ್ಲಿ ಸರ್ಕಾರ ಆ ಆಟವನ್ನೇ ಬ್ಯಾನ್ ಮಾಡಿತು. ಮಾರನೇ ವರ್ಷ ಬಿಜಿಎಂಐ ಅನ್ನೋ ಹೆಸರಲ್ಲಿ ಅದು ವಾಪಸ್ ಬಂತು. ಇದರ ನಡುವೆ ನಮ್ಮ ಕಡೆಯ ಒಂದು ತಲೆಮಾರಿನ ಹುಡುಗರಿಗೆ, ನಿಜವಾದ ಬಂದೂಕನ್ನು ಒಮ್ಮೆಯೂ ಮುಟ್ಟದೆ, ರೆಡ್ ಡಾಟ್ ಅಂದ್ರೆ ಏನು ಅಂತ ಗೊತ್ತಾಗಿಹೋಯಿತು.

ಗೊತ್ತಾಯಿತು ಅನ್ನೋದೂ ಅರ್ಧ ಸತ್ಯ. ಆ ಚುಕ್ಕೆ ಎಲ್ಲಿದೆ ಅಂತ ಕೇಳಿ ನೋಡಿ. ಗಾಜಿನ ಮೇಲಿದೆ ಅಂತ ಒಬ್ಬ ಹೇಳ್ತಾನೆ. ಲೇಸರ್ ಥರ ಎದುರಿಗಿರೋನ ಎದೆ ಮೇಲೆ ಬೀಳುತ್ತೆ ಅಂತ ಇನ್ನೊಬ್ಬ. ಎರಡೂ ತಪ್ಪು. ಅದೊಂದು ಪ್ರತಿಬಿಂಬ. ಕನ್ನಡಿಯಲ್ಲಿ ನೋಡಿ ಗುರಿ ಹಿಡಿಯುವ ವಿದ್ಯೆ ಅದು. ಈ ವಿದ್ಯೆಯ ಹಳೇ ಚಿತ್ರವೊಂದನ್ನು ನೋಡೋಕೆ ಅಮೆರಿಕಕ್ಕೋ ಸ್ವೀಡನ್ನಿಗೋ ಹೋಗಬೇಕಾಗಿಲ್ಲ. ಬೆಂಗಳೂರಿಂದ ಹೊರಟು ಹಾಸನದ ಬೈಪಾಸ್ ದಾಟಿ ಬೇಲೂರಿಗೆ ಹೋದರೆ ಸಾಕು.

ಕಲ್ಲಿನ ಮೇಲಿನ ಮತ್ಸ್ಯಯಂತ್ರ

ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಹುಮ್ಮಸ್ಸಿನ ಕಾಲ ಅದು. ದೇವಸ್ಥಾನಕ್ಕೆ ಹೋದವರೆಲ್ಲ ಮೊದಲು ಹುಡುಕೋದು ದರ್ಪಣ ಸುಂದರಿಯನ್ನ. ಗೈಡ್‌ಗಳು ಕರಕೊಂಡು ಹೋಗಿ ಅವಳ ಮುಂದೆಯೇ ನಿಲ್ಲಿಸ್ತಾರೆ. ಕೈಯಲ್ಲಿ ಕನ್ನಡಿ ಹಿಡಿದು ಮುಖ ನೋಡಿಕೊಳ್ಳುತ್ತಿರುವ ಹೆಣ್ಣು. ಅದೇ ಸಾಲಿನ ಮದನಿಕೆಯರಲ್ಲಿ ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಇದ್ದಾಳೆ, ಅವಳಿಗೆ ಸೆಲ್ಫಿ ಭಾಗ್ಯ ಸ್ವಲ್ಪ ಕಡಿಮೆ. ಒಬ್ಬಳ ಕೈಯಲ್ಲಿ ಕನ್ನಡಿ, ಇನ್ನೊಬ್ಬಳ ಕೈಯಲ್ಲಿ ಬಿಲ್ಲು. ಇವೆರಡನ್ನೂ ಒಟ್ಟು ಸೇರಿಸಿದ ಕತೆಯೂ ಅದೇ ಗುಡಿಯ ಕಲ್ಲಿನಲ್ಲಿದೆ: ದ್ರೌಪದಿ ಸ್ವಯಂವರದಲ್ಲಿ ಅರ್ಜುನ ಮೀನಿಗೆ ಬಾಣ ಹೂಡುವ ದೃಶ್ಯ.

ಕತೆ ನಿಮಗೆ ಗೊತ್ತು. ಮೇಲೆ ತಿರುಗುವ ಯಂತ್ರ, ಅದರಲ್ಲಿ ಮೀನು, ಕೆಳಗೆ ನೀರು. ನೀರಿನಲ್ಲಿ ಕಾಣುವ ನೆರಳನ್ನು ನೋಡಿಕೊಂಡು ಮೇಲಿನ ಮೀನಿನ ಕಣ್ಣಿಗೆ ಹೊಡೀಬೇಕು. ಅಜ್ಜಿ ಕತೆಯಲ್ಲಿ, ಯಕ್ಷಗಾನದಲ್ಲಿ, ಟಿವಿ ಸೀರಿಯಲ್ಲಿನಲ್ಲಿ ನಾವು ಕೇಳಿದ್ದು, ನೋಡಿದ್ದು ಇದನ್ನೇ. ಸಂಸ್ಕೃತದ ವ್ಯಾಸಭಾರತದ ಪರಿಷ್ಕೃತ ಪಾಠದಲ್ಲಿ ಮಾತ್ರ ಮೀನೂ ಇಲ್ಲ, ನೀರಿನ ನೆರಳೂ ಇಲ್ಲ. ಅಲ್ಲಿರೋದು ಆಕಾಶದಲ್ಲಿ ಕಟ್ಟಿದ ಒಂದು ಯಂತ್ರ, ಅದರ ರಂಧ್ರದ ಮೂಲಕ ಐದು ಬಾಣ ಬಿಟ್ಟು ಹೊಡೆಯಬೇಕಾದ ಒಂದು ಗುರಿ, ಅಷ್ಟೇ. ಮೀನು, ನೀರು, ಪ್ರತಿಬಿಂಬ ಇವೆಲ್ಲ ಆಮೇಲಿನ ಕತೆಗಾರರು, ಹಾಡುಗಾರರು, ಶಿಲ್ಪಿಗಳು ಸೇರಿಸಿದ್ದು. ಜನಕ್ಕೆ ಅದೇ ರುಚಿಸಿತು. ಬೇಲೂರಿನ ಶಿಲ್ಪಿ ಕೈಗೂ ಬಂದಿದ್ದು ಆ ಮೀನೇ.

ಯಾಕೆ ರುಚಿಸಿತು ಅಂತ ನನಗೆ ಎಂಜಿನಿಯರಿಂಗ್ ಕಣ್ಣಲ್ಲಿ ಯೋಚನೆ ಬರುತ್ತೆ. ನಿಂತ ನೀರು ಅಂದ್ರೆ ಮಲಗಿಸಿದ ಕನ್ನಡಿ. ಮೀನು ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ ನೆರಳು ಅಷ್ಟೇ ಆಳದಲ್ಲಿ ಕಾಣುತ್ತೆ. ಎಡಬಲ ಬದಲಾಗಲ್ಲ, ಮೇಲುಕೆಳಗು ಮಾತ್ರ ತಿರುಗುಮುರುಗು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೈ ಅಕ್ಷವನ್ನು ಮೈನಸ್ ಒಂದರಿಂದ ಗುಣಿಸಿದ ಹಾಗೆ. ಕಣ್ಣು ಕೆಳಗೆ ಹೋದಷ್ಟು ಕೈ ಮೇಲೆ ಹೋಗಬೇಕು. ಅದನ್ನು ಪ್ರತಿ ಕ್ಷಣ ತಲೆಯೊಳಗೇ ಲೆಕ್ಕ ಹಾಕುತ್ತಾ, ತಿರುಗುವ ಗುರಿಗೆ ಹೊಡೀಬೇಕು. ಹಾಗಾಗಿ ಕತೆಯಲ್ಲಿ ಕನ್ನಡಿ ಇರೋದು ಕೆಲಸ ಸುಲಭ ಮಾಡೋಕಲ್ಲ, ಕಷ್ಟ ಮಾಡೋಕೆ. ಎಂಟು ಶತಮಾನ ಬಿಟ್ಟು ಡಬ್ಲಿನ್ನಿನಲ್ಲಿ ಒಬ್ಬ ಮನುಷ್ಯ ಅದೇ ಕನ್ನಡಿಯನ್ನು ಗುರಿ ಸುಲಭ ಮಾಡೋಕೆ ಬಳಸಿದ. ಅವನ ವಿಷಯಕ್ಕೆ ಬರೋಣ. ಅದಕ್ಕೂ ಮುಂಚೆ ಸ್ವಲ್ಪ ದೂರದ ಕತೆ.

ದೂರ ಹೆಚ್ಚಾದ ಹಾಗೆ

ಹೊಯ್ಸಳರ ಲಾಂಛನವನ್ನೇ ನೋಡಿ. ಸಳ ಹುಲಿಯ ಮೈಗೆ ಮೈ ತಾಗಿಸಿಯೇ ಹೊಡೆಯುತ್ತಿದ್ದಾನೆ. ಸೊಸೆವೂರಿನಲ್ಲಿ, ಅಂದ್ರೆ ಈಗಿನ ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ, ಜೈನ ಗುರು ಸುದತ್ತರು ‘ಹೊಯ್ ಸಳ’ ಅಂದರಂತೆ, ಅವನು ಹೊಯ್ದನಂತೆ. ಐತಿಹ್ಯ ನಿಜವೋ ಸುಳ್ಳೋ, ಒಂದು ರಾಜವಂಶ ತನ್ನ ಶೌರ್ಯದ ಗುರುತಾಗಿ ಆರಿಸಿಕೊಂಡಿದ್ದು ದೂರವೇ ಇಲ್ಲದ ಒಂದು ಹೊಡೆತವನ್ನ. ಅಲ್ಲಿ ಗುರಿ ಹಿಡಿಯೋ ಪ್ರಶ್ನೆಯೇ ಬರಲ್ಲ. ಪ್ರಾಣಿ ಎದುರಿಗಿದೆ, ನೀನಿದ್ದೀಯ, ನಡುವೆ ಒಂದು ಸಲಾಕೆ.

ನಮ್ಮೂರು ಇರೋದು ಅರಸೀಕೆರೆ ತಾಲೂಕಿನಲ್ಲಿ. ಅರಸಿಯ ಕೆರೆ, ಅಂದ್ರೆ ರಾಣಿ ಕಟ್ಟಿಸಿದ ಕೆರೆ, ಅದೇ ಅರಸೀಕೆರೆ. ಹೆಚ್ಚಿನವರಿಗೆ ಈ ಊರು ಗೊತ್ತಿರೋದು ರೈಲು ಜಂಕ್ಷನ್ ಅಂತ, ಇಲ್ಲ ತೆಂಗಿನಕಾಯಿ ಮಾರ್ಕೆಟ್ ಅಂತ. 1220ರ ಈಶ್ವರ ದೇವಸ್ಥಾನ ಸ್ಟೇಷನ್ನಿಂದ ಬಹಳ ದೂರ ಇಲ್ಲ, ಆದರೂ ರೈಲು ಬದಲಾಯಿಸುವವರು ಅತ್ತ ತಲೆ ಹಾಕಲ್ಲ. ಈ ಸೀಮೆಯ ಊರುಗಳಲ್ಲಿ ಕೆರೆ ಏರಿ ಮೇಲೋ, ಗುಡಿ ಪಕ್ಕದಲ್ಲೋ, ಹೊಲದ ಬದುವಿನಲ್ಲೋ ವೀರಗಲ್ಲುಗಳು ಕಾಣಸಿಗುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಕರಕೊಂಡು ಹೋಗೋದು, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಇರೋದು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಗುರಾಣಿ ಹಿಡಿದವರು, ಬಿಲ್ಲು ಎತ್ತಿದವರು ಇಬ್ಬರೂ ಸಿಗ್ತಾರೆ. ಕೆಲವು ಕಲ್ಲುಗಳಲ್ಲಿ ವೀರನ ಮೈಗೆ ಬಾಣ ನೆಟ್ಟಿರೋದನ್ನೂ ಕೆತ್ತಿದ್ದಾರೆ. ಹೊಡೆದವನು ಎಲ್ಲೋ ದೂರದಲ್ಲಿದ್ದಾನೆ, ಸತ್ತವನು ಕಲ್ಲಾಗಿದ್ದಾನೆ. ದೂರದಿಂದ ಕೊಲ್ಲುವ ವಿದ್ಯೆಗೆ ಗುರಿ ಅನ್ನೋದು ಬೇಕಾಗಿದ್ದು ಆಗ.

‘ಗುರಿಕಾರ’ ಅನ್ನೋ ಪದವನ್ನೇ ನೋಡಿ. ಕರಾವಳಿ ಕಡೆ ಇವತ್ತಿಗೂ ಗುರಿಕಾರ ಅಂದ್ರೆ ಸಮುದಾಯದ ಮುಖ್ಯಸ್ಥ, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು. ಗುರಿ ಹಿಡಿಯುವವನಿಗೂ ಅದೇ ಹೆಸರು. ಎಲ್ಲಿಗೆ ಹೊಡೀಬೇಕು ಅಂತ ತಿಳಿದವನೇ ಎಲ್ಲಿಗೆ ಹೋಗಬೇಕು ಅಂತಲೂ ತಿಳಿದಿರಬೇಕು ಅಂತ ಭಾಷೆ ಸುಮ್ಮನೆ ನಂಬಿಕೊಂಡಿದೆ. ಈ ನಂಬಿಕೆ ಎಷ್ಟು ಸರಿ ಅನ್ನೋದೇ ಈ ಬರಹದ ತಕರಾರು.

ಬಂದೂಕು ಬಂದಾಗ ವಿಚಿತ್ರ ಆಯಿತು. ದೂರ ಹೆಚ್ಚಾಯಿತು, ಗುರಿ ಕಡಿಮೆಯಾಯಿತು. ಹದಿನೆಂಟನೇ ಶತಮಾನದ ಮಸ್ಕೆಟ್‌ನ ನಳಿಗೆ ಒಳಗಡೆ ನುಣುಪು. ಗುಂಡು ಅದರೊಳಗೆ ಅಲ್ಲಾಡಿಕೊಂಡೇ ಹೊರಗೆ ಬರ್ತಿತ್ತು. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಕೋವಿಗೆ ಹಿಂದಿನ ಸೈಟ್ ಅನ್ನೋದೇ ಇರಲಿಲ್ಲ. ನಳಿಗೆಯ ತುದಿಯಲ್ಲಿ ಬಯೊನೆಟ್ ಸಿಕ್ಕಿಸೋಕೆ ಅಂತ ಇದ್ದ ಉಬ್ಬೇ ಗುರಿಯ ಗುರುತು. ಒಬ್ಬೊಬ್ಬನ ಗುರಿ ನಂಬೋ ಹಾಗಿರಲಿಲ್ಲ. ಅದಕ್ಕೇ ಸಾಲುಗಟ್ಟಿ ನಿಂತು ಒಟ್ಟಿಗೆ ಹೊಡೀತಿದ್ದರು. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳೂ ಅಷ್ಟೇ. ಒಂದಕ್ಕೆ ಗುರಿ ಇಲ್ಲ, ನೂರಕ್ಕೆ ಇದೆ. ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಹಳೇ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದ್ದವಲ್ಲ, ಆ ಸಂಖ್ಯೆಯೇ ಅವುಗಳ ಯುದ್ಧತಂತ್ರ ಏನು ಅಂತ ಹೇಳುತ್ತೆ.

ಟಿಪ್ಪು ಸತ್ತ ಮೇಲೂ ಈ ಭಾಗದಲ್ಲಿ ಕಾಳಗ ನಿಲ್ಲಲಿಲ್ಲ. ಸಕಲೇಶಪುರದ ಮಂಜರಾಬಾದ್ ಕಡೆಯನ್ನು ಆಗ ಬಲಂ ಅನ್ನುತ್ತಿದ್ದರು. ಅಲ್ಲಿನ ಪಾಳೆಗಾರ ಕಂಪನಿಗೆ ತಲೆಬಾಗಲಿಲ್ಲ. ದಟ್ಟ ಕಾಡಿನ ನಡುವೆ ಅರಕೆರೆಯಲ್ಲಿ ಕೋಟೆ ಬಲಪಡಿಸಿಕೊಂಡು ಕೂತ. 1802ರ ಜನವರಿಯಲ್ಲಿ ಅದರ ಮೇಲೆ ಬಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಫೆಬ್ರವರಿಯಲ್ಲಿ ಪಾಳೆಗಾರನನ್ನು ಹಿಡಿದು ಗಲ್ಲಿಗೆ ಹಾಕಿದರು. ಬಿದಿರುಮೆಳೆ, ಕೊರಕಲು ದಾರಿ, ಕಾಡಿನೊಳಗಿನ ಬೇಲಿಗಳಲ್ಲಿ ನಡೆದ ಆ ಕಾಳಗದ ಜಾಗದಲ್ಲೇ ಇವತ್ತು ಕಾಫಿ ತೋಟಗಳಿವೆ. ಆ ಕಾಫಿ ತೋಟಗಳಲ್ಲೇ ಇವತ್ತು ಆನೆಗಳೂ ಇವೆ. ಅದು ಮುಂದೆ ಬರುತ್ತೆ.

ಡಬ್ಲಿನ್ನಿನ ದೂರದರ್ಶಕದವನು

ಮಾಮೂಲಿ ಸೈಟ್‌ನ ಕಷ್ಟ ಏನು ಅಂತ ಮೊದಲು ನೋಡೋಣ. ಹಿಂದುಗಡೆ ಒಂದು ಸೀಳು, ಮುಂದುಗಡೆ ಒಂದು ಮಣಿ ಅಥವಾ ಕಡ್ಡಿ, ಅದರಾಚೆ ಗುರಿ. ಮೂರೂ ಮೂರು ದೂರದಲ್ಲಿವೆ. ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಫೋಕಸ್ ಆಗೋದು. ಹಾಗಾಗಿ ತರಬೇತಿ ಕೊಡುವವರು ಮುಂದಿನ ಕಡ್ಡಿ ಮೇಲೆ ಕಣ್ಣು ನೆಡಿ, ಗುರಿ ಮಸುಕಾಗಲಿ ಬಿಡಿ ಅಂತಾರೆ. ನಲವತ್ತು ದಾಟಿದ ಮೇಲೆ ಹತ್ತಿರದ್ದೇ ಮಸುಕಾಗೋಕೆ ಶುರುವಾಗುತ್ತೆ, ಮೊಬೈಲನ್ನ ಕೈ ಚಾಚಿ ಹಿಡಿದು ಓದ್ತಾರಲ್ಲ ಹಾಗೆ. ಆಗ ಕಡ್ಡಿಯೂ ಹೋಯಿತು.

ಹೋವರ್ಡ್ ಗ್ರಬ್ ಡಬ್ಲಿನ್ನಿನಲ್ಲಿ ದೂರದರ್ಶಕ ತಯಾರಿಸುತ್ತಿದ್ದ. ಅವನ ಕಾರ್ಖಾನೆಯ 20 ಇಂಚಿನ ದೂರದರ್ಶಕವೊಂದು ಭಾವನಗರದ ಮಹಾರಾಜರ ಹಣದಿಂದ ಪುಣೆಗೆ ಬಂದು, ಅಲ್ಲಿಂದ ಕೊಡೈಕೆನಾಲ್‌ಗೆ ಹೋಯಿತು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದ 15 ಇಂಚಿನದೂ ಗ್ರಬ್‌ದೇ. ನಕ್ಷತ್ರ ನೋಡುವವರಿಗೆ ಗಾಜು ಉಜ್ಜುತ್ತಿದ್ದ ಈ ಮನುಷ್ಯ 1900ರಲ್ಲಿ ಬಂದೂಕು, ಫಿರಂಗಿಗಳಿಗೆ ಹೊಸ ಥರದ ಸೈಟಿಗೆ ಪೇಟೆಂಟ್ ಮಾಡಿಸಿದ. ಉಪಾಯ ಸರಳ. ಮಸೂರ ಅಥವಾ ಬಾಗಿದ ಕನ್ನಡಿಯ ನಾಭಿಯಲ್ಲಿ ಒಂದು ಬೆಳಕಿನ ಗುರುತು ಇಟ್ಟರೆ, ಅದರಿಂದ ಹೊರಡುವ ಕಿರಣಗಳು ಸಮಾಂತರವಾಗಿ ಕಣ್ಣಿಗೆ ಬರುತ್ತವೆ. ಸಮಾಂತರ ಕಿರಣ ಅಂದ್ರೆ ನಕ್ಷತ್ರದಿಂದ ಬಂದ ಹಾಗೆ. ಗುರುತು ಬಹಳ ದೂರದಲ್ಲಿ, ಗುರಿಯ ಪಕ್ಕದಲ್ಲೇ ಇದೆ ಅಂತ ಕಣ್ಣು ನಂಬುತ್ತೆ. ಅರೆಪಾರದರ್ಶಕ ಗಾಜಿನ ಮೂಲಕ ಆಚೆಗಿನ ಲೋಕವೂ ಕಾಣುತ್ತೆ, ಅದರ ಮೇಲೆ ಗುರುತಿನ ಪ್ರತಿಬಿಂಬವೂ ಕಾಣುತ್ತೆ. ಎರಡಕ್ಕೂ ಒಂದೇ ಫೋಕಸ್. ತಲೆಯನ್ನು ಸ್ವಲ್ಪ ಆಚೀಚೆ ಸರಿಸಿದರೂ ಗುರುತು ನಳಿಗೆ ತೋರಿಸುವ ಕಡೆಯಿಂದ ಹೆಚ್ಚುಕಮ್ಮಿ ಕದಲಲ್ಲ.

ಬೇಲೂರಿನ ಮೀನಿಗೂ ಗ್ರಬ್‌ನ ಗಾಜಿಗೂ ಇರುವ ವ್ಯತ್ಯಾಸ ಇಷ್ಟೇ. ಅರ್ಜುನ ಕನ್ನಡಿಯಲ್ಲಿ ನೋಡಿದ್ದು ಗುರಿಯನ್ನ. ನಾವು ಕನ್ನಡಿಯಲ್ಲಿ ನೋಡೋದು ನಮ್ಮದೇ ಬಾಣದ ತುದಿಯನ್ನ. ಅವನಿಗೆ ಲೋಕ ತಲೆಕೆಳಗಾಗಿತ್ತು, ನಮಗೆ ಲೋಕ ಹಾಗೇ ಇದೆ, ಅದರ ಮೇಲೆ ನಮ್ಮ ಉದ್ದೇಶ ಮಾತ್ರ ಚುಕ್ಕೆಯಾಗಿ ಬಂದು ಕೂತಿದೆ.

ಮೊದಲ ಮಹಾಯುದ್ಧದ ಕೊನೆಗೆ ಜರ್ಮನರು ಇದನ್ನು ಯುದ್ಧ ವಿಮಾನಕ್ಕೆ ಹಾಕಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಎಲ್ಲ ಕಡೆಯ ಫೈಟರ್ ಪೈಲಟ್‌ಗಳ ಮುಂದೆಯೂ ಇಂಥ ಗಾಜು ಇತ್ತು. ಕೈಬಂದೂಕಿಗೆ ಮಾತ್ರ ಬೆಳಕಿನದೇ ತೊಂದರೆ. ಬಲ್ಬು ಅಂದ್ರೆ ಬಿಸಿ, ದಪ್ಪ ಬ್ಯಾಟರಿ. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿ ತೋರಿಸಿದ ಮೇಲೆ ದಾರಿ ತೆರೆಯಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಎಲ್‌ಇಡಿ ಇಟ್ಟ ಸೈಟನ್ನು ಬೇಟೆಗಾರರಿಗೆ ಮಾರೋಕೆ ಶುರು ಮಾಡಿತು. ಚುಕ್ಕೆ ಕೆಂಪಗಿರೋಕೆ ದೊಡ್ಡ ಗುಟ್ಟೇನಿಲ್ಲ. ಅಗ್ಗಕ್ಕೆ, ಕಡಿಮೆ ಕರೆಂಟಿಗೆ ಮೊದಲು ಸಿಕ್ಕ ಎಲ್‌ಇಡಿ ಬಣ್ಣ ಅದು. ಗಾಜಿನ ಮೇಲಿನ ಲೇಪನ ಆ ಒಂದು ಕೆಂಪನ್ನು ಮಾತ್ರ ವಾಪಸ್ ಕಳಿಸಿ ಮಿಕ್ಕಿದ್ದನ್ನು ಬಿಟ್ಟುಕೊಡುತ್ತೆ. ಅದರ ಮೂಲಕ ನೋಡಿದರೆ ಲೋಕ ಸ್ವಲ್ಪ ನೀಲಿಯಾಗಿ ಕಾಣೋದು ಅದಕ್ಕೇ. ಇವತ್ತು ಅದೇ ಸೈಟು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿದೆ, ಒಂದು ನಾಣ್ಯದ ಸೆಲ್ಲಿನಲ್ಲಿ ವರ್ಷಗಟ್ಟಲೆ ಉರಿಯುತ್ತೆ.

ರಿವಾಲ್ವರ್ ಮೇಲೆ ಕೂರಿಸೋದು

ರಿವಾಲ್ವರ್ ಹಳೇ ಯಂತ್ರ. ಸ್ಯಾಮ್ಯುಯೆಲ್ ಕೋಲ್ಟ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಬ್ರಿಟಿಷ್ ಸೇನೆ ವೆಬ್ಲಿ ರಿವಾಲ್ವರ್ ಅಳವಡಿಸಿಕೊಂಡಿದ್ದು 1887ರಲ್ಲಿ. ಅಲ್ಲಿಂದ ಅದು ದೊರೆಗಳ ಸೊಂಟಕ್ಕೆ, ಆಮೇಲೆ ನಮ್ಮ ಇನ್ಸ್‌ಪೆಕ್ಟರ್‌ಗಳ ಸೊಂಟಕ್ಕೆ, ಅಲ್ಲಿಂದ ಕನ್ನಡ ಸಿನಿಮಾ ವಿಲನ್ ಕೈಗೆ ಬಂತು. ಇಂಥ ಮುದುಕನಿಗೆ ಎಲೆಕ್ಟ್ರಾನಿಕ್ ಕಣ್ಣು ಹಾಕೋದು ನೋಡೋಕೆ ತಮಾಷೆ. ಎತ್ತಿನ ಗಾಡಿಗೆ ರಿವರ್ಸ್ ಕ್ಯಾಮೆರಾ ಇಟ್ಟ ಹಾಗೆ.

ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ತಮಾಷೆ ಅಲ್ಲ. ಇವತ್ತಿನ ಪಿಸ್ತೂಲಿನ ಮೇಲ್ಭಾಗ, ಅಂದ್ರೆ ಸ್ಲೈಡ್, ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ ಮುಂದಕ್ಕೆ ಬಡಿಯುತ್ತೆ. ಅದರ ಮೇಲೆ ಸೈಟ್ ಕೂರಿಸಿದರೆ ಒಳಗಿನ ಬೆಸುಗೆ, ಸೆಲ್ಲಿನ ಸಂಪರ್ಕ ಎಲ್ಲ ಅದರ ಜೊತೆ ಏಟು ತಿನ್ನಬೇಕು. ರಿವಾಲ್ವರಿನಲ್ಲಿ ಸಿಲಿಂಡರ್ ತಿರುಗುತ್ತೆ, ಸುತ್ತಿಗೆ ಬೀಳುತ್ತೆ. ಮೇಲಿನ ಚೌಕಟ್ಟು ಅಲ್ಲಾಡಲ್ಲ. ಸಿಲಿಂಡರ್ ಮೇಲೆ ಸೇತುವೆಯ ಹಾಗೆ ಹಾದುಹೋಗುವ ಉಕ್ಕಿನ ಪಟ್ಟಿ ಇದೆಯಲ್ಲ, ಸೈಟ್ ಕೂರೋದು ಅಲ್ಲಿ. ಕೆಲವು ಅಮೆರಿಕನ್ ರಿವಾಲ್ವರ್‌ಗಳಿಗೆ ಹಿಂದಿನ ಸೈಟನ್ನು ತೆಗೆದರೆ ಅದರಡಿ ಕಾರ್ಖಾನೆಯಲ್ಲೇ ತೂತು ಕೊರೆದು ಮರೆ ಹಾಕಿರ್ತಾರೆ. ಅಲ್ಲಿಗೆ ಒಂದು ತಳಪಟ್ಟಿ, ಅದರ ಮೇಲೆ ಸೈಟ್. ಸ್ಕ್ರೂ ಅದುರಿ ಸಡಿಲ ಆಗದ ಹಾಗೆ ಅಂಟು, ಎಷ್ಟು ಬಿಗಿ ಅನ್ನೋದಕ್ಕೆ ಅಳತೆ.

ಕಷ್ಟಗಳೂ ಇವೆ. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತೆ. ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಗಾಳಿ, ಮಸಿ ಚಿಮ್ಮುತ್ತೆ. ಗಾಜು ಅದರ ಹತ್ತಿರ ಇದ್ದಷ್ಟೂ ಬೇಗ ಮಸುಕಾಗುತ್ತೆ. ಸೈಟ್ ನಳಿಗೆಗಿಂತ ಎತ್ತರದಲ್ಲಿದ್ದಷ್ಟೂ ಹತ್ತಿರದ ಗುರಿಗೆ ಗುಂಡು ಚುಕ್ಕೆಗಿಂತ ಕೆಳಗೆ ಬೀಳುತ್ತೆ. ಇನ್ನೊಂದು ವಿಚಿತ್ರ ಇದೆ: ಗುಂಡು ನಳಿಗೆಯೊಳಗೆ ಇರುವಾಗಲೇ ರಿವಾಲ್ವರ್ ಮೇಲಕ್ಕೆ ಏಳೋಕೆ ಶುರು ಮಾಡಿರುತ್ತೆ. ಭಾರದ, ನಿಧಾನದ ಗುಂಡು ಒಳಗೆ ಹೆಚ್ಚು ಹೊತ್ತು ಇರುತ್ತೆ, ಹಾಗಾಗಿ ಗುರಿಯಲ್ಲಿ ಹೆಚ್ಚು ಎತ್ತರಕ್ಕೆ ಬೀಳುತ್ತೆ. ಒಂದು ಥರದ ಗುಂಡಿಗೆ ಸರಿಯಾಗಿ ಜೀರೋ ಮಾಡಿದ ಚುಕ್ಕೆ ಇನ್ನೊಂದು ಥರದ್ದಕ್ಕೆ ಸುಳ್ಳು ಹೇಳುತ್ತೆ. ಟೆಸ್ಟ್ ಸರ್ವರಿನಲ್ಲಿ ಓಡಿದ ಕೋಡ್ ಪ್ರೊಡಕ್ಷನ್ನಿನಲ್ಲಿ ಬಿದ್ದುಹೋದ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ.

ಚುಕ್ಕೆಯ ದಪ್ಪವೂ ಒಂದು ಲೆಕ್ಕ. ಅದನ್ನು ಅಳೆಯೋದು ಕೋನದ ಮಿನಿಟ್ಟಿನಲ್ಲಿ. ಒಂದು ಮಿನಿಟ್ ಅಂದ್ರೆ 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂಟಿಮೀಟರ್. 6 ಮಿನಿಟ್ಟಿನ ಚುಕ್ಕೆ 25 ಮೀಟರಿನಲ್ಲಿ ಸುಮಾರು 4.4 ಸೆಂಟಿಮೀಟರ್ ಜಾಗ ಮುಚ್ಚುತ್ತೆ, ಹತ್ತಿರ ಹತ್ತಿರ ಒಂದು ನಿಂಬೆಹಣ್ಣಿನಷ್ಟು. ಅದಕ್ಕಿಂತ ಸಣ್ಣ ಸತ್ಯ ಆ ಚುಕ್ಕೆಗೆ ಗೊತ್ತಿಲ್ಲ.

ನಮ್ಮಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತೆ ಅಂದ್ರೆ, ಬಹಳ ಕಡಿಮೆ. ಸಾಮಾನ್ಯ ಲೈಸೆನ್ಸ್‌ದಾರನಿಗೆ ಸಿಗೋದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ದೆಹಲಿಯ ನಿರ್ಭಯಾ ಪ್ರಕರಣದ ನಂತರ 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಬಂದ ‘ನಿರ್ಭೀಕ್’ ತೂಕ ಅರ್ಧ ಕೆಜಿ, ಬೆಲೆ ಆಗ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆಯುಧ ತಯಾರಿಸೋದು, ಮಾರೋದು ಮಾತ್ರ ಅಲ್ಲ, ರಿಪೇರಿ ಮಾಡೋ ವ್ಯವಹಾರಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಹತ್ತಿರ ಲೈಸೆನ್ಸ್ ಇದೆ ಅಂತ ಪೀಣ್ಯದ ಯಾವುದೋ ವರ್ಕ್‌ಶಾಪಿಗೆ ಹೋಗಿ ಇಲ್ಲೊಂದು ತೂತು ಕೊರೆದುಕೊಡಿ ಅಂತ ಕೇಳೋ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ.

ಗುರಿಯನ್ನೇ ಆಟವಾಗಿ ಆಡುವವರ ಕತೆ ಇನ್ನೂ ಚೆನ್ನಾಗಿದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದವರು, 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದವರು. ಅದಕ್ಕೂ ಮುಂಚೆ ಕೆನಡಾದಲ್ಲಿ ನಮ್ಮ ಹಾಗೇ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದರು. ಅವರ ಪಿಸ್ತೂಲಿನ ಮೇಲೆ ಚುಕ್ಕೆ ಇಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ನಿಯಮದ ಪ್ರಕಾರ ಪಿಸ್ತೂಲಿಗೆ ಬರೀ ಸೀಳು ಮತ್ತು ಕಡ್ಡಿ ಮಾತ್ರ. ದುರ್ಬೀನು, ಲೇಸರ್, ಎಲೆಕ್ಟ್ರಾನಿಕ್ ಚುಕ್ಕೆ ಎಲ್ಲಕ್ಕೂ ನಿಷೇಧ. ಆ ನಿಷೇಧದ ಪಟ್ಟಿಯಲ್ಲಿ ಕನ್ನಡಿಯೂ ಇದೆ. ಅರ್ಜುನನ ಹೆಸರಲ್ಲಿ 1961ರಿಂದ ಪ್ರಶಸ್ತಿ ಕೊಡುವ ದೇಶದಲ್ಲಿ ಇದನ್ನು ಓದಿ ನನಗೆ ನಗು ಬಂತು.

ಚುಕ್ಕೆ ಹೇಳದ ಮಾತು

ಈಗ ಮತ್ತೆ ಹಾಸನಕ್ಕೆ. ಆಲೂರು, ಸಕಲೇಶಪುರ, ಬೇಲೂರು ತಾಲೂಕಿನ ಕಾಫಿ ತೋಟಗಳಲ್ಲಿ ಕಾಡಾನೆ ಅನ್ನೋದು ಇವತ್ತು ದಿನದ ಸುದ್ದಿ. ಬೆಳಿಗ್ಗೆ ಕೆಲಸಕ್ಕೆ ಹೋದ ಹೆಣ್ಣುಮಗಳು ಮನೆಗೆ ಬರೋದು ಗ್ಯಾರಂಟಿ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ನೋಡಿ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣ. ಇಡೀ ಗುಡಿಯ ಭಾರ ಹೊತ್ತಿರೋದೇ ಆನೆ. 2023ರ ಸೆಪ್ಟೆಂಬರಿನಲ್ಲಿ ಆ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಅದಕ್ಕೆ ಮೂರು ವಾರ ಮೊದಲು, ಆಗಸ್ಟ್ 31ರಂದು, ಪಕ್ಕದ ಆಲೂರು ತಾಲೂಕಿನಲ್ಲಿ ಇನ್ನೊಂದು ಘಟನೆ ನಡೆದಿತ್ತು.

ಭೀಮ ಅಂತ ಜನ ಕರೆಯೋ ಒಂದು ಕಾಡಾನೆಗೆ ಗಾಯವಾಗಿತ್ತು. ಅದಕ್ಕೆ ಚಿಕಿತ್ಸೆ ಕೊಡೋಕೆ ಮೊದಲು ಅರಿವಳಿಕೆ ಡಾರ್ಟ್ ಹೊಡೀಬೇಕು. ಹೊಡೆಯೋಕೆ ಹೋದವರು ಅರಣ್ಯ ಇಲಾಖೆಯ ಶಾರ್ಪ್ ಶೂಟರ್ ವೆಂಕಟೇಶ್. ಎಷ್ಟು ಆನೆಗಳಿಗೆ ಡಾರ್ಟ್ ಹೊಡೆದಿದ್ದರು ಅಂದ್ರೆ ‘ಆನೆ ವೆಂಕಟೇಶ್’ ಅಂತಲೇ ಜನ ಕರೀತಿದ್ದರು. ಡಾರ್ಟ್ ಗುಂಡಿನ ಹಾಗಲ್ಲ. ಅದು ಹಾರುವ ಸಿರಿಂಜ್, ಭಾರ ಹೆಚ್ಚು, ವೇಗ ಕಡಿಮೆ, ದಾರಿ ಬಾಗು. ಹಾಗಾಗಿ ಆನೆಯ ಹತ್ತಿರಕ್ಕೇ ಹೋಗಬೇಕು. ತಗುಲಿದ ಕೂಡಲೇ ಆನೆ ಬೀಳೋದೂ ಇಲ್ಲ, ಔಷಧ ಮೈಗೆ ಹತ್ತೋಕೆ ನಿಮಿಷಗಳೇ ಬೇಕು. ಅವರ ಡಾರ್ಟ್ ಗುರಿಗೆ ಬಿತ್ತು. ಆನೆ ತಿರುಗಿ ಅಟ್ಟಿಸಿಕೊಂಡು ಬಂತು. ವೆಂಕಟೇಶ್ ಉಳಿಯಲಿಲ್ಲ.

ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯುವ ಕೆಲಸದಲ್ಲಿ ಇನ್ನೊಂದು ಸಾವಾಯಿತು. ಎಂಟು ವರ್ಷ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತಿದ್ದ ಆನೆ, ಕಾಡಾನೆ ಜೊತೆ ಕಾದಾಡಿ ಸತ್ತಿತು. ಅದರ ಹೆಸರು ಅರ್ಜುನ.

ಈ ಎರಡು ಸಾವಿಗೂ ಉಪಕರಣದ ಕೊರತೆ ಕಾರಣ ಅಂತ ಹೇಳೋಕಾಗಲ್ಲ. ವೆಂಕಟೇಶ್ ಅವರ ಗುರಿ ತಪ್ಪಿರಲಿಲ್ಲ. ಎಷ್ಟು ಒಳ್ಳೇ ಗಾಜು ಹಾಕಿದ್ದರೂ ಡಾರ್ಟು ಬೀಳೋದು ಅಲ್ಲೇ, ಆನೆ ತಿರುಗೋದೂ ಹಾಗೇ. ಆನೆ ಓಡಾಡುತ್ತಿದ್ದ ದಾರಿಯಲ್ಲಿ ತೋಟ, ರಸ್ತೆ, ಕಾಲುವೆ, ಬೇಲಿ ಎದ್ದು, ಕೊನೆಗೆ ಒಬ್ಬ ಮನುಷ್ಯನನ್ನು ಕೋವಿ ಕೊಟ್ಟು ಅದರ ಎದುರು ನಿಲ್ಲಿಸುವ ಹೊತ್ತಿಗೆ ನಿರ್ಧಾರಗಳೆಲ್ಲ ಬೇರೆ ಕಡೆ, ಬೇರೆಯವರಿಂದ ಆಗಿಹೋಗಿರುತ್ತವೆ. ನಳಿಗೆ ಎತ್ತ ನೋಡುತ್ತಿದೆ ಅಂತ ಹೇಳೋದು ಚುಕ್ಕೆಯ ಕೆಲಸ. ಎತ್ತ ನೋಡಬೇಕು ಅಂತ ಅದಕ್ಕೆ ಗೊತ್ತಿಲ್ಲ. ಈ ಎರಡನೇ ಕೆಲಸವನ್ನೇ ನಮ್ಮ ಭಾಷೆ ಗುರಿಕಾರನಿಗೆ ಕೊಟ್ಟಿದ್ದು. ಅದನ್ನು ನಾವು ಈಗ ಮೊದಲನೇ ಕೆಲಸದವನ ಹೆಗಲಿಗೆ ಹಾಕಿ ಕೈತೊಳೆದುಕೊಂಡಿದ್ದೀವಿ.

ವೀರಗಲ್ಲುಗಳಲ್ಲಿ ನನಗೆ ಇಷ್ಟವಾಗೋದು ಒಂದು ಸಂಗತಿ. ಬರಹ ಇರುವ ಕಲ್ಲುಗಳನ್ನು ಓದಿದರೆ ವೀರ ಎಷ್ಟು ಚೆನ್ನಾಗಿ ಬಾಣ ಬಿಡ್ತಿದ್ದ ಅನ್ನೋದಕ್ಕಿಂತ ಯಾತಕ್ಕೆ ಸತ್ತ ಅನ್ನೋದೇ ಮುಖ್ಯವಾಗಿ ಕಾಣುತ್ತೆ. ತುರು ಬಿಡಿಸೋಕೆ ಹೋಗಿ ಸತ್ತ, ಊರು ಉಳಿಸೋಕೆ ಸತ್ತ, ಹುಲಿ ಹೊಡೆಯೋಕೆ ಹೋಗಿ ಸತ್ತ. ಊರಿನವರು ಆ ಕಾರಣಕ್ಕೆ ತಮ್ಮನ್ನೂ ಹೊಣೆ ಮಾಡಿಕೊಂಡು, ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟು, ಕಲ್ಲು ನಿಲ್ಲಿಸುತ್ತಿದ್ದರು. ಹೊಯ್ಸಳರ ಕಾಲವಾಗಿದ್ದರೆ ಆಲೂರಿನ ಆ ಜಾಗದಲ್ಲಿ ವೆಂಕಟೇಶ್ ಹೆಸರಿನ ಕಲ್ಲೊಂದು ಖಂಡಿತ ಏಳುತ್ತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕೋವಿ ಹಿಡಿದ ಒಬ್ಬ ಮನುಷ್ಯ, ಎದುರಿಗೆ ಗಾಯಗೊಂಡ ಒಂದು ಆನೆ. ಯಾತಕ್ಕೆ ಸತ್ತ ಅನ್ನೋ ಸಾಲನ್ನು ನಾವು ಏನಂತ ಬರೆಸುತ್ತಿದ್ದೆವು ಅನ್ನೋದು ಮಾತ್ರ ನನಗೆ ಇನ್ನೂ ಹೊಳೆದಿಲ್ಲ.